ವಿದೇಶದಲ್ಲಿ ಓದು: ಮನೆಯವರೆಲ್ಲ ಕೂತು ಮಾಡಬೇಕಾದ ಲೆಕ್ಕ



ವರದಿಯ ಲೆಕ್ಕಪತ್ರದ ಜೊತೆಗೆ ಮಕ್ಕಳಿಗೂ ಹೆತ್ತವರಿಗೂ ಉಪಯೋಗವಾಗುವ ಒಂದು ಪಾಠವನ್ನು ಇಲ್ಲಿ ಕೊಡುತ್ತಿದ್ದೇವೆ. ಈ ಸಲದ ವಿಷಯ, ಪದವಿ ಮುಗಿಸಿ ವಿದೇಶದ ವಿಶ್ವವಿದ್ಯಾಲಯಕ್ಕೆ ಹೋಗುವ ತಯಾರಿ. ಹಿಂದೆ ನಮ್ಮ ಸಕಲೇಶಪುರ, ಆಲೂರು ಕಡೆಯಿಂದ ಕಡಲಾಚೆಗೆ ಹೋಗುವುದು ಎಂದರೆ ದುಡಿಮೆಗೆ ಗಲ್ಫ್‌ಗೆ ಹೋಗುವುದು ಎಂದೇ ಅರ್ಥ. ಈಗ ಎಂಜಿನಿಯರಿಂಗ್, ಕೃಷಿ, ನರ್ಸಿಂಗ್, ಬಿ.ಕಾಂ. ಓದಿದ ಮಕ್ಕಳು ಜರ್ಮನಿ, ಬ್ರಿಟನ್, ಅಮೆರಿಕ ಎನ್ನುತ್ತಿದ್ದಾರೆ. ಆಸೆ ಒಳ್ಳೆಯದೇ. ಆದರೆ ಅದಕ್ಕೆ ಬೇಕಾದ ಹಣ ಒಂದು ಮನೆಯ ಜಮೀನು, ಒಡವೆ, ತಂಗಿಯ ಓದು ಎಲ್ಲವನ್ನೂ ಅಲುಗಾಡಿಸುವಷ್ಟು ದೊಡ್ಡದು. ಆದ್ದರಿಂದ ಈ ಪಾಠವನ್ನು ವಿದ್ಯಾರ್ಥಿ ಒಬ್ಬನೇ ಓದಬಾರದು. ತಂದೆ, ತಾಯಿ, ಅಣ್ಣ, ಮಾವ ಎಲ್ಲರೂ ಕೂತು ಓದಬೇಕೆಂದು ಕೇಳಿಕೊಳ್ಳುತ್ತೇವೆ.

1. ಏಕೆ ಹೋಗಬೇಕು?

ಮೊದಲ ಪ್ರಶ್ನೆ ಯಾವ ದೇಶ ಎಂಬುದಲ್ಲ, ಯಾವ ವಿಷಯ ಎಂಬುದು. ನಿಮಗೆ ಬೇಕಾದ ವಿಷಯ ಹಾಸನದಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಅಷ್ಟೇ ಚೆನ್ನಾಗಿ ಸಿಗುವುದಾದರೆ ಲಕ್ಷಾಂತರ ಖರ್ಚು ಮಾಡಿ ಹೋಗುವುದಕ್ಕೆ ಬೇರೆ ಗಟ್ಟಿ ಕಾರಣ ಬೇಕು. ಇಲ್ಲಿ ಸಿಗದ ವಿಷಯ, ಇಲ್ಲಿಲ್ಲದ ಪ್ರಯೋಗಾಲಯ, ಪೂರ್ಣ ವಿದ್ಯಾರ್ಥಿವೇತನ, ಇವು ಗಟ್ಟಿ ಕಾರಣಗಳು. ‘ಸ್ನೇಹಿತರೆಲ್ಲ ಹೋಗುತ್ತಿದ್ದಾರೆ’ ಎಂಬುದು ಕಾರಣವಲ್ಲ.

ನಮ್ಮ ಊರಿನ ಬದುಕಿನಿಂದಲೇ ಹುಟ್ಟುವ ವಿಷಯಗಳೂ ಇವೆ ಎಂಬುದನ್ನು ಮಕ್ಕಳು ಮರೆಯಬಾರದು. ಕಾಫಿ, ಮೆಣಸು, ಏಲಕ್ಕಿಯ ರೋಗಗಳು, ಮಣ್ಣು ಕುಸಿತ, ಆನೆ ಮತ್ತು ಮನುಷ್ಯರ ನಡುವಿನ ತಿಕ್ಕಾಟ, ಮಳೆ ನೀರಿನ ನಿರ್ವಹಣೆ ಇವೆಲ್ಲ ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯ ವಿಷಯಗಳು. ಇಟಲಿಯ ಟ್ರಿಯೆಸ್ತೆ ನಗರದಲ್ಲಿ ಕಾಫಿಯ ಅರ್ಥಶಾಸ್ತ್ರ ಮತ್ತು ವಿಜ್ಞಾನದಲ್ಲೇ ಒಂದು ಸ್ನಾತಕೋತ್ತರ ಕೋರ್ಸ್ ಇದೆ. ಹಾಸನದ ಕಾರೇಕೆರೆಯ ಕೃಷಿ ಕಾಲೇಜಿನಲ್ಲೋ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲೋ ಓದಿದ ಮಗುವಿಗೆ ತೋಟದ ಅನುಭವವೇ ಒಂದು ಬಂಡವಾಳ. ಪಟ್ಟಣದ ವಿದ್ಯಾರ್ಥಿ ಪುಸ್ತಕದಲ್ಲಿ ಓದಿ ತಿಳಿಯುವುದನ್ನು ಇವರು ಬೂಟು ಹಾಕಿಕೊಂಡು ತಿಳಿದಿದ್ದಾರೆ.

2. ನಿಮ್ಮ ಪದವಿ ಅಲ್ಲಿ ಸಾಕಾಗುತ್ತದೆಯೇ?

ಇದು ಬಹಳ ಮನೆಗಳಲ್ಲಿ ತಡವಾಗಿ ಗೊತ್ತಾಗುವ ವಿಷಯ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಒಟ್ಟು 16 ವರ್ಷದ ವಿದ್ಯಾಭ್ಯಾಸ ಕೇಳುತ್ತವೆ. 12 ವರ್ಷ ಪಿಯುಸಿವರೆಗೆ, ನಾಲ್ಕು ವರ್ಷ ಪದವಿ. ಎಂಜಿನಿಯರಿಂಗ್, ಬಿ.ಎಸ್ಸಿ. ಕೃಷಿ ಓದಿದವರಿಗೆ ತೊಂದರೆಯಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದವರು ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. 2024–25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಮನೆಯ ಅಕ್ಕನ ಪದವಿಗೂ ತಮ್ಮನ ಪದವಿಗೂ ವ್ಯತ್ಯಾಸ ಇರಬಹುದು. ಬ್ರಿಟನ್ನಿನಲ್ಲಿ ಮೂರು ವರ್ಷದ ಪದವಿಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಉಳಿದ ಕಡೆ ಆಯಾ ವಿಶ್ವವಿದ್ಯಾಲಯದ ನಿಯಮ ಓದಬೇಕು.

ಪಿಯುಸಿ ಮುಗಿದ ಕೂಡಲೇ ಜರ್ಮನಿಗೆ ಹೋಗುತ್ತೇನೆ ಎನ್ನುವವರು ಇನ್ನೊಂದು ನಿಯಮ ತಿಳಿದಿರಲಿ. ನಮ್ಮ ಪಿಯುಸಿ ಒಂದರಿಂದಲೇ ಅಲ್ಲಿನ ಪದವಿಗೆ ನೇರ ಪ್ರವೇಶ ಸಿಗುವುದಿಲ್ಲ. ಇಲ್ಲಿ ಒಂದು ವರ್ಷ ಪದವಿ ಓದಿ ಪಾಸಾಗಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿ ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸ್ ಮಾಡಬೇಕು. ಪಿಯುಸಿ ಮಕ್ಕಳಿಗೆ ನಮ್ಮ ಸಲಹೆ, ಪದವಿಯನ್ನು ಇಲ್ಲಿಯೇ ಚೆನ್ನಾಗಿ ಮುಗಿಸಿ, ಸ್ನಾತಕೋತ್ತರಕ್ಕೆ ಹೋಗಿ. ಖರ್ಚು ಕಡಿಮೆ, ವಿದ್ಯಾರ್ಥಿವೇತನಗಳು ಹೆಚ್ಚು, ವಯಸ್ಸಿಗೂ ಒಂದು ಪಕ್ವತೆ ಬಂದಿರುತ್ತದೆ.

3. ಹೆಸರು ಒಂದೇ ಆಗಿರಲಿ

ನಮ್ಮ ಸಮುದಾಯದ ಮಕ್ಕಳಿಗೆ ಅತಿ ಹೆಚ್ಚು ತೊಡಕು ಕೊಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಜೊತೆ ಒಂದು ಹೆಸರು, ಆಧಾರ್‌ನಲ್ಲಿ ‘ಮೊಹಮ್ಮದ್’, ಪಿಯುಸಿಯಲ್ಲಿ ‘ಮಹಮ್ಮದ್’, ಪದವಿಯಲ್ಲಿ ಮೊಟಕಾದ ‘ಎಂ.ಡಿ.’. ಹೆಣ್ಣುಮಕ್ಕಳ ಹೆಸರಿನ ಕೊನೆಯ ಬಾನು, ಬೇಗಂ, ಖಾನಂ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ತಂದೆಯ ಹೆಸರಿನ ಇಂಗ್ಲಿಷ್ ಕಾಗುಣಿತ ಪ್ರತಿ ದಾಖಲೆಯಲ್ಲೂ ಬೇರೆ. ಊರಿನಲ್ಲಿ ಇದರಿಂದ ಏನೂ ಆಗುವುದಿಲ್ಲ, ಎಲ್ಲರಿಗೂ ನಾವು ಗೊತ್ತು. ವೀಸಾ ಅಧಿಕಾರಿಗೆ ಗೊತ್ತಿಲ್ಲ. ಅವರ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು.

ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತಾಯಿ ದಾಖಲೆ ಎಂದು ಇಟ್ಟುಕೊಳ್ಳಿ. ಅದರಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ತಿದ್ದುಪಡಿಗೆ ಬರೆಯಿರಿ. ವರ್ಷಗಳು ಕಳೆದಷ್ಟೂ ಈ ಕೆಲಸ ಕಷ್ಟ. ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಹೆಸರು ಮತ್ತು ಉಪನಾಮದ ಎರಡು ಜಾಗಗಳಿವೆ. ಎರಡನ್ನೂ ತುಂಬುವುದು ಕ್ಷೇಮ. ಒಂದೇ ಪದದ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ‘ತಿಳಿದಿಲ್ಲ’ ಎಂದು ಅಚ್ಚಾಗಿ ಬರುತ್ತದೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಭೇಟಿ ವೀಸಾ ಕೊಡುವುದನ್ನೇ ನಿಲ್ಲಿಸಿತು. ಪಾಸ್‌ಪೋರ್ಟ್ ಕೆಲಸ ಹಾಸನದ ಅಂಚೆ ಕಚೇರಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಪದವಿಯ ಎರಡನೇ ವರ್ಷದಲ್ಲೇ ಅದನ್ನು ಮಾಡಿಸಿಟ್ಟುಕೊಳ್ಳಿ.

4. ಎರಡು ವರ್ಷದ ಕ್ಯಾಲೆಂಡರು

ಬ್ರಿಟನ್, ಅಮೆರಿಕದಲ್ಲಿ ತರಗತಿ ಶುರುವಾಗುವುದು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ. ಜರ್ಮನಿಯಲ್ಲಿ ಅಕ್ಟೋಬರ್. ಅದರಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.

ಪದವಿಯ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆ: ವಿಷಯ ತೀರ್ಮಾನ, ಐದಾರು ವಿಶ್ವವಿದ್ಯಾಲಯಗಳ ಪಟ್ಟಿ, ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷೆಯ ತಯಾರಿ.

ಜುಲೈನಿಂದ ಅಕ್ಟೋಬರ್: ಐಇಎಲ್‌ಟಿಎಸ್ ಅಥವಾ ಟೋಫೆಲ್. ಐಇಎಲ್‌ಟಿಎಸ್ ಫಲಿತಾಂಶ ಎರಡು ವರ್ಷ ನಡೆಯುತ್ತದೆ, ಜಿಆರ್‌ಇ ಐದು ವರ್ಷ. ಚೀವ್ನಿಂಗ್ ಮತ್ತು ಹಲವು ಪೂರ್ಣ ವಿದ್ಯಾರ್ಥಿವೇತನಗಳ ಅರ್ಜಿ ಇದೇ ಅವಧಿಯಲ್ಲಿ ಮುಗಿಯುತ್ತದೆ.

ನವೆಂಬರ್‌ನಿಂದ ಜನವರಿ: ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ. ಜರ್ಮನಿಗೆ ಹೋಗುವವರು ಎಪಿಎಸ್ ಪ್ರಮಾಣಪತ್ರಕ್ಕೆ ಹಾಕಬೇಕು. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಇಲ್ಲದೆ ಜರ್ಮನಿಯ ವಿದ್ಯಾರ್ಥಿ ವೀಸಾ ಇಲ್ಲ.

ಮಾರ್ಚ್‌ನಿಂದ ಜೂನ್: ಪ್ರವೇಶಪತ್ರ ಬರುವುದು, ಹಣ ಹೊಂದಿಸುವುದು. ಜರ್ಮನಿಯ ಅನೇಕ ಕೋರ್ಸುಗಳ ಅರ್ಜಿಗೆ ಜುಲೈ 15 ಕೊನೆ. ಆದರೂ ವೀಸಾಕ್ಕೆ ಸಮಯ ಬೇಕಾದ್ದರಿಂದ ಆ ತಾರೀಖಿನವರೆಗೆ ಕಾಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್: ವೀಸಾ, ಟಿಕೆಟ್, ಹೊರಡುವುದು.

ಈಗ ಈ ಪಟ್ಟಿಯನ್ನು ನಮ್ಮ ಮಲೆನಾಡಿನ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ, ಮೆಣಸು ಅದರ ಹಿಂದೆಯೇ. ತೋಟದವರಿಗೂ, ತೋಟವನ್ನು ನಂಬಿದ ಅಂಗಡಿ, ಲಾರಿ, ಪಿಕಪ್‌ನವರಿಗೂ ಕೈಯಲ್ಲಿ ದುಡ್ಡು ಓಡಾಡುವುದು ಮಾರ್ಚ್, ಏಪ್ರಿಲ್‌ವರೆಗೆ. ವಿಶ್ವವಿದ್ಯಾಲಯಕ್ಕೆ ಹಣ ಕಟ್ಟಬೇಕಾದ್ದು ಮೇ, ಜೂನ್‌ನಲ್ಲಿ, ಮನೆಯ ಪೆಟ್ಟಿಗೆ ಬರಿದಾಗುವ ಹೊತ್ತಿಗೆ. ಕೊಯ್ಲಿನ ಹಣದಲ್ಲಿ ಒಂದು ಭಾಗವನ್ನು ಫೆಬ್ರವರಿಯಲ್ಲೇ ಬೇರೆ ಖಾತೆಗೆ ಹಾಕಿ ಮುಟ್ಟದೆ ಇಡುವುದು ಒಂದೇ ಉಪಾಯ. ಮಳೆಗಾಲ ಇನ್ನೊಂದು ಮಾತು. ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಹೋಗುತ್ತವೆ. 2024ರ ಜುಲೈ ಕೊನೆಯಲ್ಲಿ ಯಡಕುಮರಿ, ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲೇ ನಿಂತುಹೋಗಿತ್ತು. ಮಂಗಳೂರಿನಲ್ಲಿ ಓದಿದವರು ಟ್ರಾನ್ಸ್‌ಕ್ರಿಪ್ಟ್, ಅಂಕಪಟ್ಟಿ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಲಿ. ಆನ್‌ಲೈನ್ ಅರ್ಜಿಯನ್ನು ಕೊನೆಯ ರಾತ್ರಿಗೆ ಬಿಡಬೇಡಿ; ಹಾಸನಕ್ಕೋ ಬೆಂಗಳೂರಿಗೋ ಹೋಗಿ ಒಂದು ವಾರ ಮುಂಚೆ ಕಳಿಸಿ. ವೀಸಾದ ಬೆರಳಚ್ಚು, ದಾಖಲೆ ಕೊಡಲು ಹೆಚ್ಚಿನ ದೇಶಗಳಿಗೆ ಬೆಂಗಳೂರು ಸಾಕು. ಅಮೆರಿಕಕ್ಕೆ ನಮ್ಮವರು ಸಂದರ್ಶನಕ್ಕಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗಿಬರುತ್ತಾ ಬಂದಿದ್ದಾರೆ. ಆ ಖರ್ಚನ್ನೂ ಬರೆದುಕೊಳ್ಳಿ.

5. ಒಂದು ಮನೆಯ ಲೆಕ್ಕ

ಪಾಠಕ್ಕಾಗಿ ಒಂದು ಉದಾಹರಣೆ ಮಾಡೋಣ. ಆಲೂರು ತಾಲ್ಲೂಕಿನ ಒಂದು ಮನೆ. ತಂದೆಗೆ ಪಿಕಪ್ ಗಾಡಿ, ಎರಡು ಎಕರೆ ತೋಟ. ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ, ಮಗಳು ಪಿಯುಸಿ. ಮಗನಿಗೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಬೇಕು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಎಲ್ಲ ಕಡೆ ಅಲ್ಲ: ಬಾಡೆನ್ ವ್ಯೂರ್ಟೆಂಬೆರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿದೆ.

ಶುಲ್ಕವಿಲ್ಲ ಎಂದಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಒಂದು ವರ್ಷ ಬದುಕಲು ಹಣ ಇದೆ ಎಂದು ತೋರಿಸಲು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ 11,904 ಯೂರೋ ಇಡಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಯೂರೋಗೆ 100 ರೂಪಾಯಿ ಎಂದು ಹಿಡಿಯೋಣ.

ಬ್ಲಾಕ್ಡ್ ಅಕೌಂಟ್: 11,90,400
ಎಪಿಎಸ್ ಪ್ರಮಾಣಪತ್ರ: 18,000
ಇಂಗ್ಲಿಷ್ ಪರೀಕ್ಷೆ, ಸುಮಾರು: 18,000
ಐದು ಕಡೆ ಅರ್ಜಿ, ಮೊದಲನೆಯದಕ್ಕೆ 75, ಉಳಿದವಕ್ಕೆ ತಲಾ 30 ಯೂರೋ: 19,500
ಟ್ರಾನ್ಸ್‌ಕ್ರಿಪ್ಟ್, ಪಾಸ್‌ಪೋರ್ಟ್, ಬೆಂಗಳೂರು ಓಡಾಟ, ಅಂದಾಜು: 25,000
ವೀಸಾ, 75 ಯೂರೋ: 7,500
ವಿಮಾನ, ಅಂದಾಜು: 60,000
ಎರಡು ಸೆಮಿಸ್ಟರ್ ನೋಂದಣಿ, ತಲಾ 300 ಯೂರೋ ಅಂದಾಜು: 60,000
ಚಳಿಯ ಬಟ್ಟೆ, ಪಾತ್ರೆ, ಮೊದಲ ವಾರದ ಖರ್ಚು, ಅಂದಾಜು: 40,000
ಒಟ್ಟು: 14,38,400 ರೂಪಾಯಿ

ಈ ಪಟ್ಟಿಯಲ್ಲಿ ಮೂರು ವಿಷಯ ಗಮನಿಸಿ.

ಒಂದು, ಬ್ಲಾಕ್ಡ್ ಅಕೌಂಟಿನ ಹಣ ಯಾರಿಗೂ ಕಟ್ಟುವ ಶುಲ್ಕವಲ್ಲ. ಅದು ಮಗನದೇ ಹಣ. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವನ ಕೈಗೇ ಬರುತ್ತದೆ. ಅದರಲ್ಲೇ ಬಾಡಿಗೆ, ಊಟ, ಕಡ್ಡಾಯವಾದ ಆರೋಗ್ಯ ವಿಮೆ ಎಲ್ಲ ನಡೆಯಬೇಕು.

ಎರಡು, ಇದು ಮೊದಲ ವರ್ಷದ ಲೆಕ್ಕ ಮಾತ್ರ. ಎರಡನೇ ವರ್ಷಕ್ಕೆ ಮತ್ತೆ ಹನ್ನೆರಡು ಲಕ್ಷದ ಆಸುಪಾಸು ಬೇಕು. ಅಲ್ಲಿನ ಕಾನೂನಿನಂತೆ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕೆಲಸ ಸಿಕ್ಕರೆ ಭಾರ ಇಳಿಯುತ್ತದೆ. ಆದರೆ ಸಿಗುವ ಮುಂಚೆಯೇ ಅದನ್ನು ಲೆಕ್ಕಕ್ಕೆ ಸೇರಿಸಿ ಹೊರಡಬೇಡಿ.

ಮೂರು, ಪಟ್ಟಿಯ ಎರಡನೆಯದರಿಂದ ಐದನೆಯ ಸಾಲಿನವರೆಗೆ ಕೂಡಿ ನೋಡಿ: 80,500 ರೂಪಾಯಿ. ಇದು ಪ್ರವೇಶಪತ್ರ ಕೈಗೆ ಬರುವ ಮೊದಲೇ ಆಗುವ ಖರ್ಚು. ಈ ಹಣಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಏಕೆಂದರೆ ಬ್ಯಾಂಕು ಕೇಳುವುದೇ ಪ್ರವೇಶಪತ್ರವನ್ನು. ಈ ಮಾತನ್ನು ಕೊನೆಯಲ್ಲಿ ದಾನಿಗಳ ಮುಂದೆ ಮತ್ತೆ ಇಡುತ್ತೇವೆ.

ಬ್ರಿಟನ್ನಿಗೆ ಲೆಕ್ಕ ಬೇರೆ. ಅಲ್ಲಿ ಬೋಧನಾ ಶುಲ್ಕವೇ ದೊಡ್ಡದು, ಮೇಲೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ. ಕೋರ್ಸ್ ಒಂದೇ ವರ್ಷದ್ದು ಎಂಬುದು ಅನುಕೂಲ. ತೋರಿಸಬೇಕಾದ ಹಣ ಖಾತೆಯಲ್ಲಿ 28 ದಿನ ಸತತ ಇರಬೇಕು. ಇದಕ್ಕಾಗಿ ಯಾರದೋ ಹಣವನ್ನು ಒಂದು ತಿಂಗಳಿಗೆ ತಂದು ಖಾತೆಯಲ್ಲಿ ತೋರಿಸಿ ವಾಪಸ್ ಕೊಡುವವರಿದ್ದಾರೆ. ಇದನ್ನು ನಾವು ಬೇಡವೆನ್ನುತ್ತೇವೆ. ತೋರಿಸಿದ ಹಣ ನಿಜವಾಗಿ ಇಲ್ಲದಿದ್ದರೆ ಅಲ್ಲಿ ಎರಡನೇ ತಿಂಗಳ ಬಾಡಿಗೆಗೆ ಮಗು ಯಾರ ಬಾಗಿಲು ತಟ್ಟಬೇಕು?

6. ಸಾಲ, ಬಡ್ಡಿ, ಜಮೀನು

ಬ್ಯಾಂಕ್ ಸಾಲದ ನಿಜವಾದ ಭಾರ ಎಷ್ಟು ಎಂದು ಒಮ್ಮೆ ನೋಡೋಣ. 15 ಲಕ್ಷ ಸಾಲ, ಬಡ್ಡಿ ಶೇ. 11, ಓದು ಮುಗಿದು ಕೆಲಸ ಸಿಗುವವರೆಗೆ ಎರಡೂವರೆ ವರ್ಷ ಕಂತಿಲ್ಲ ಎಂದುಕೊಳ್ಳಿ. ಆ ಅವಧಿಯ ಸರಳ ಬಡ್ಡಿಯೇ 4 ಲಕ್ಷ 12 ಸಾವಿರದ ಮೇಲೆ. ಅಲ್ಲಿಂದ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 26,300. ಒಟ್ಟು ಕಟ್ಟುವುದು 31 ಲಕ್ಷ 60 ಸಾವಿರದ ಹತ್ತಿರ. ಮಗನಿಗೆ ಯೂರೋದಲ್ಲಿ ಸಂಬಳ ಬಂದರೆ ಇದು ದೊಡ್ಡದಲ್ಲ. ಬಾರದೆ ಊರಿಗೆ ಮರಳಿದರೆ ಪಿಕಪ್ ಗಾಡಿಯ ಆದಾಯದಲ್ಲಿ ಇದನ್ನು ಕಟ್ಟಬೇಕು. ಮಗಳ ಓದು ಆಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಹಿ ಹಾಕುವ ಮೊದಲೇ ಮನೆಯಲ್ಲಿ ಜೋರಾಗಿ ಕೇಳಿಕೊಳ್ಳಿ.

ನಮ್ಮ ಅನೇಕ ಮನೆಗಳು ಬಡ್ಡಿಯ ಸಾಲವನ್ನೇ ಬೇಡವೆನ್ನುತ್ತವೆ. ಇದರ ಧಾರ್ಮಿಕ ತೀರ್ಮಾನ ಹೇಳುವುದು ನಮ್ಮ ಕೆಲಸವಲ್ಲ. ನಿಮಗೆ ವಿಶ್ವಾಸವಿರುವ ಉಲಮಾರನ್ನು ಕೇಳಿ. ಬಡ್ಡಿಯಿಲ್ಲದ ದಾರಿಗಳನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶಿ ವ್ಯಾಸಂಗಕ್ಕೆ ಬಡ್ಡಿರಹಿತ ಸಾಲದ ಯೋಜನೆ ಇದೆ. ಮೊತ್ತ, ಆದಾಯದ ಮಿತಿ, ಯಾವ ವಿಶ್ವವಿದ್ಯಾಲಯಗಳಿಗೆ ಎಂಬ ಷರತ್ತು ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಹಾಸನದ ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಕೇಂದ್ರ ಸರ್ಕಾರದ ‘ಪಢೋ ಪರದೇಶ್’ ಯೋಜನೆ, ಅಂದರೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಸಾಲದ ಬಡ್ಡಿಗೆ ಸಹಾಯಧನ, 2022–23ರಿಂದ ನಿಂತಿದೆ. ಅದು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಗಮವಿರಲಿ, ಬ್ಯಾಂಕಿರಲಿ, ದೊಡ್ಡ ಮೊತ್ತಕ್ಕೆ ಆಸ್ತಿಯ ಭದ್ರತೆ ಕೇಳುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ತೊಡಕು ಇರುವುದು ಇಲ್ಲಿಯೇ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿ, ಪೌತಿ ಖಾತೆ ಆಗಿಲ್ಲ. ಅಣ್ಣತಮ್ಮಂದಿರ ಭಾಗ ಬಾಯಿಮಾತಿನಲ್ಲಿ, ಪೋಡಿ ಆಗಿಲ್ಲ. ಸಾಗುವಳಿ ಮಾಡುತ್ತಿರುವುದು ಸರ್ಕಾರಿ ಜಾಗ, ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಳಾಗಿವೆ. ಇಂಥ ಜಮೀನು ಕಣ್ಣಿಗೆ ಎಷ್ಟೇ ಚೆನ್ನಾಗಿ ಫಸಲು ಕೊಟ್ಟರೂ ಭದ್ರತೆಗೆ ಬರುವುದಿಲ್ಲ. ಮಗು ಪದವಿಗೆ ಸೇರಿದ ವರ್ಷವೇ ತಾಲ್ಲೂಕು ಕಚೇರಿಯಲ್ಲಿ ಈ ಕೆಲಸ ಶುರುಮಾಡಿದರೆ ಮುಗಿಯುವ ಹೊತ್ತಿಗೆ ಸರಿಯಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಚಾಲ್ತಿಯಲ್ಲಿಟ್ಟುಕೊಳ್ಳಿ.

ಬಂಧುಗಳಿಂದ ಕೈಸಾಲ ಪಡೆಯುವವರು ಬರೆದಿಟ್ಟುಕೊಳ್ಳಲೇಬೇಕು. ಎಷ್ಟು, ಯಾವಾಗ ವಾಪಸ್, ಯಾರು ಸಾಕ್ಷಿ. ಸಾಲವನ್ನು ಬರೆದಿಡಬೇಕೆಂಬುದು ನಮಗೆಲ್ಲ ಚಿಕ್ಕಂದಿನಿಂದ ಕಲಿಸಿದ ಪಾಠ. ಸಂಬಂಧದಲ್ಲಿ ಬರೆಯುವುದೇನು ಎಂದು ನಾಚಿಕೊಂಡವರ ಸಂಬಂಧವೇ ಮುಂದೆ ಕೆಡುತ್ತದೆ.

7. ಪೂರ್ಣ ವಿದ್ಯಾರ್ಥಿವೇತನಗಳು

ಸಾಲದ ಮಾತಿಗಿಂತ ಮೊದಲು ಇವನ್ನು ಪ್ರಯತ್ನಿಸಬೇಕು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಂಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. ಆ ವಿದ್ಯಾರ್ಥಿವೇತನ ಈಗಲೂ ಇದೆ. ಬ್ರಿಟನ್ನಿನ ಚೀವ್ನಿಂಗ್ ಒಂದು ವರ್ಷದ ಸ್ನಾತಕೋತ್ತರಕ್ಕೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಗೆ ಸಂಬಂಧಿಸಿದ ಕೃಷಿ, ನೀರು, ಆರೋಗ್ಯದಂಥ ವಿಷಯಗಳಿಗೆ ಕೊಡುತ್ತದೆ. ಅದಕ್ಕೂ ಎರಡು ವರ್ಷದ ಅನುಭವ. ಯೂರೋಪಿನ ಎರಾಸ್ಮಸ್ ಮುಂಡಸ್‌ನಲ್ಲಿ ಎರಡು ಮೂರು ದೇಶಗಳಲ್ಲಿ ಓದು, ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ. ಅಮೆರಿಕಕ್ಕೆ ಫುಲ್‌ಬ್ರೈಟ್ ನೆಹರು, ಜಪಾನಿಗೆ ಮೆಕ್ಸ್ಟ್, ಟರ್ಕಿಗೆ ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ, ಮರಳಿಸಬೇಕು.

ಎರಡು ವರ್ಷದ ಅನುಭವ ಎಂಬ ಷರತ್ತನ್ನು ಅಡ್ಡಿ ಎಂದುಕೊಳ್ಳಬೇಡಿ. ಪದವಿ ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲೋ ಹಾಸನದಲ್ಲೋ ದುಡಿದವರಿಗೆ ಅರ್ಜಿಯ ಖರ್ಚು ತಾವೇ ಹೊಂದಿಸಲು ಆಗುತ್ತದೆ, ತಮಗೆ ಏನು ಬೇಕೆಂಬುದೂ ಗಟ್ಟಿಯಾಗುತ್ತದೆ.

8. ಭಾಷೆಗೆ ಹೆದರಬೇಡಿ

ನಮ್ಮ ಮಕ್ಕಳಿಗೆ ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಅಂಗಳದಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ, ಕಾಲೇಜಿನಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ನಿಭಾಯಿಸುವವರಿಗೆ ಐದನೆಯದಾಗಿ ಜರ್ಮನ್ ಕಲಿಯುವುದು ಅಸಾಧ್ಯವೇನಲ್ಲ. ಇಂಗ್ಲಿಷ್‌ನಲ್ಲೇ ಕಲಿಸುವ ಕೋರ್ಸ್ ಸಿಕ್ಕರೂ ಅಲ್ಲಿ ಕೆಲಸ ಹುಡುಕಲು ಜರ್ಮನ್ ಬೇಕಾಗುತ್ತದೆ; ಇಲ್ಲಿಂದಲೇ ಶುರುಮಾಡಿ. ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಕನ್ನಡ ಮಾಧ್ಯಮದವರು ಹೆಚ್ಚು ಎಡವುವುದು ಬರವಣಿಗೆಯಲ್ಲಿ. ದಿನಕ್ಕೊಂದು ಪುಟ ಬರೆದು ಯಾರಿಗಾದರೂ ತೋರಿಸುವುದೇ ಅದರ ತರಬೇತಿ.

ಅರ್ಜಿಯ ಜೊತೆ ‘ನಾನೇಕೆ ಓದಬೇಕು’ ಎಂಬ ಹೇಳಿಕೆಯನ್ನೂ ಕೇಳುತ್ತಾರೆ. ದುಡ್ಡು ಕೊಟ್ಟು ಬರೆಸಬೇಡಿ. ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ನಿಮ್ಮ ಮಾತಿನಲ್ಲೇ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಮಳೆಗೆ ಕೊಳೆತ ಮೆಣಸಿನ ಬಳ್ಳಿಯನ್ನು ನೋಡಿ ಸಸ್ಯರೋಗಶಾಸ್ತ್ರ ಓದಬೇಕೆನಿಸಿದ್ದು ನಿಜವಾದರೆ ಅದನ್ನೇ ಬರೆಯಿರಿ. ಹಾಸನದ ಬಾನು ಮುಷ್ತಾಕ್ ಅವರು ನಮ್ಮಂಥ ಮನೆಗಳ ಹೆಂಗಸರ ಬದುಕನ್ನು ಕನ್ನಡದಲ್ಲಿ ಬರೆದರು. ದೀಪಾ ಭಾಸ್ತಿಯವರ ಅನುವಾದದಲ್ಲಿ ಆ ಕತೆಗಳಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಹತ್ತಿರದಿಂದ ಕಂಡದ್ದನ್ನು ಹೇಳಿದರೆ ದೂರದವರೂ ಕೇಳುತ್ತಾರೆ.

9. ವೈದ್ಯಕೀಯ ಓದಿಗೆ ಹೋಗುವವರಿಗೆ

‘ಕಡಿಮೆ ಖರ್ಚಿನಲ್ಲಿ ಡಾಕ್ಟರ್’ ಎಂಬ ಜಾಹೀರಾತು ನೋಡಿದ ಕೂಡಲೇ ಮುಂಗಡ ಕಟ್ಟಬೇಡಿ. ವಿದೇಶದಲ್ಲಿ ಓದುವವರಿಗೂ ನೀಟ್ ಅರ್ಹತೆ ಕಡ್ಡಾಯ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಆ ದೇಶದಲ್ಲಿ ವೈದ್ಯರಾಗಿ ನೋಂದಣಿಯಾಗಲು ಆ ಪದವಿ ಅರ್ಹವಾಗಿರಬೇಕು. ಮರಳಿದ ಮೇಲೆ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ, ಆಮೇಲೆ ಇಲ್ಲಿಯೂ ಇಂಟರ್ನ್‌ಶಿಪ್. ಇದರಲ್ಲಿ ಒಂದು ತಪ್ಪಿದರೂ ಆರು ವರ್ಷ ಓದಿ ಬಂದವರ ಪದವಿ ಇಲ್ಲಿ ಬರೀ ಕಾಗದ.

ದೇಶದ ಪರಿಸ್ಥಿತಿಯನ್ನೂ ನೋಡಬೇಕು. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಯುದ್ಧಕ್ಕೆ ಬಲಿಯಾದರು. ಉಳಿದವರನ್ನು ಸರ್ಕಾರ ‘ಆಪರೇಷನ್ ಗಂಗಾ’ ಮೂಲಕ ಕರೆತಂದಿತು, ಓದು ಮಾತ್ರ ಅರ್ಧಕ್ಕೆ ನಿಂತಿತು.

10. ಏಜೆಂಟರು

ಏಜೆಂಟರೆಲ್ಲ ಕೆಟ್ಟವರಲ್ಲ. ಆದರೆ ಹಲವರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ. ಕಮಿಷನ್ ಕೊಡದ ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆ. 2023ರಲ್ಲಿ ಕೆನಡಾದಲ್ಲಿ ಭಾರತದ ಅನೇಕ ವಿದ್ಯಾರ್ಥಿಗಳು ತಮ್ಮ ಪ್ರವೇಶಪತ್ರವೇ ನಕಲಿ ಎಂದು ಗೊತ್ತಾಗಿ ಗಡಿಪಾರಿನ ಅಂಚಿಗೆ ಬಂದರು. ಆದ್ದರಿಂದ ಅರ್ಜಿಯ ಇಮೇಲ್ ಮತ್ತು ಪಾಸ್‌ವರ್ಡ್ ವಿದ್ಯಾರ್ಥಿಯ ಕೈಯಲ್ಲೇ ಇರಲಿ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಬ್ಯಾಂಕ್ ಮೂಲಕ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಪ್ರವೇಶಪತ್ರ ಬಂದ ಮೇಲೆ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಗೆ ನೀವೇ ಬರೆದು ಖಚಿತಪಡಿಸಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ಯಾರ ವಶಕ್ಕೂ ಕೊಡಬೇಡಿ.

11. ಹೆಣ್ಣುಮಕ್ಕಳು

ಮಗನಿಗೆ ಕೇಳದ ಪ್ರಶ್ನೆಗಳನ್ನು ಮಗಳಿಗೆ ಕೇಳುತ್ತೇವೆ. ಎಲ್ಲಿ ಉಳಿಯುತ್ತಾಳೆ, ಊಟ ಏನು, ಜೊತೆಗೆ ಯಾರು. ಈ ಪ್ರಶ್ನೆಗಳು ತಪ್ಪಲ್ಲ, ಅವಕ್ಕೆ ಉತ್ತರ ಹುಡುಕದೆ ‘ಬೇಡ’ ಎನ್ನುವುದು ತಪ್ಪು. ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ ಎಂದು ಬರೆದು ಕೇಳಬಹುದು. ಬಹಳ ಕಡೆ ಮುಸ್ಲಿಂ ವಿದ್ಯಾರ್ಥಿಗಳ ಸಂಘ, ನಮಾಝಿನ ಕೋಣೆ ಇವೆ. ಹಲಾಲ್ ಅಂಗಡಿ ಎಲ್ಲಿದೆ ಎಂದು ಅಲ್ಲಿ ಓದುತ್ತಿರುವವರೇ ಹೇಳುತ್ತಾರೆ. ಇದನ್ನೆಲ್ಲ ಅರ್ಜಿ ಹಾಕುವ ಹಂತದಲ್ಲೇ ತಿಳಿದುಕೊಂಡರೆ ಮನೆಯವರಿಗೂ ಧೈರ್ಯ ಬರುತ್ತದೆ. ಗಂಡಾಗಲಿ ಹೆಣ್ಣಾಗಲಿ, ಹೋದ ಮೇಲೆ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ವಾರಕ್ಕೊಮ್ಮೆ ಮನೆಗೆ ಮಾತಾಡುವ ದಿನ ಗೊತ್ತು ಮಾಡಿಕೊಳ್ಳಬೇಕು, ಕಷ್ಟ ಬಂದಾಗ ಮುಚ್ಚಿಡಬಾರದು.

ಮನೆಪಾಠ

ಒಂದು ಹಾಳೆಯಲ್ಲಿ ಮನೆಯವರೆಲ್ಲ ಕೂತು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ಓದಬೇಕಾದ ವಿಷಯ ಯಾವುದು? ಅದು ಕರ್ನಾಟಕದಲ್ಲಿ ಏಕೆ ಸಾಲದು?
2. ಎಲ್ಲ ದಾಖಲೆಗಳಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಒಂದೇ ಇದೆಯೇ?
3. ಮೊದಲ ವರ್ಷದ ಖರ್ಚು ಎಷ್ಟು? ಎರಡನೆಯ ವರ್ಷದ್ದು ಎಲ್ಲಿಂದ?
4. ಯಾವ ಮೂರು ಪೂರ್ಣ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುತ್ತೀರಿ?
5. ಓದು ಮುಗಿದು ಒಂದು ವರ್ಷ ಕೆಲಸ ಸಿಗದಿದ್ದರೆ ಸಾಲ ಕಟ್ಟುವವರು ಯಾರು?
6. ಮನೆಯ ಇನ್ನೊಬ್ಬ ಮಗುವಿನ ಓದಿಗೆ ಇಟ್ಟ ಹಣ ಹಾಗೆಯೇ ಉಳಿಯುತ್ತದೆಯೇ?

ಐದು ಮತ್ತು ಆರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಒಂದು ವರ್ಷ ಮುಂದೂಡಿ. ಒಂದು ವರ್ಷ ತಡವಾಗಿ ಹೋದವರಿಗೆ ನಷ್ಟವೇನೂ ಇಲ್ಲ.

ದಾನಿಗಳಲ್ಲಿ ಒಂದು ಮಾತು

ಒಬ್ಬ ವಿದ್ಯಾರ್ಥಿಯ ವಿದೇಶದ ಪೂರ್ತಿ ಖರ್ಚು ಹೊರುವ ಶಕ್ತಿ ನಮ್ಮಂಥ ಸಣ್ಣ ಟ್ರಸ್ಟಿಗೆ ಇಲ್ಲ. ಅದೇ ಹಣದಲ್ಲಿ ಊರಿನ ಎಷ್ಟೋ ಮಕ್ಕಳ ಪಿಯುಸಿ, ಡಿಪ್ಲೊಮಾ ನಡೆಯುತ್ತದೆ. ಅದನ್ನು ತಪ್ಪಿಸುವುದು ನ್ಯಾಯವಲ್ಲ. ಆದರೆ ಮೇಲೆ ಲೆಕ್ಕ ಹಾಕಿದ ಆ 80,500 ರೂಪಾಯಿ ನೋಡಿ. ಪರೀಕ್ಷೆ, ಪ್ರಮಾಣಪತ್ರ, ಅರ್ಜಿ, ಓಡಾಟ. ಬ್ಯಾಂಕು ಕೊಡದ, ಸರ್ಕಾರ ಕೊಡದ, ಬಡ ಮನೆಯಲ್ಲಿ ಇಲ್ಲದ ಹಣ ಇದೇ. ಪೂರ್ಣ ವಿದ್ಯಾರ್ಥಿವೇತನ ಗೆಲ್ಲುವಷ್ಟು ಬುದ್ಧಿ ಇರುವ ಮಗು ಪರೀಕ್ಷೆಯ 18,000 ಇಲ್ಲದೆ ಅರ್ಜಿಯನ್ನೇ ಹಾಕದೆ ಉಳಿದರೆ ಆ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ನಮ್ಮ ಅರ್ಜಿ ನಮೂನೆಯಲ್ಲಿ ‘ಪರೀಕ್ಷೆ ಮತ್ತು ಅರ್ಜಿ ವೆಚ್ಚ’ ಎಂಬ ಕಾಲಂ ಇರುವುದು ಇದಕ್ಕಾಗಿ. ದಾನ ಕೊಡುವಾಗ ಈ ಬಾಬ್ತಿಗೆಂದು ಸೂಚಿಸಿದರೆ ಅದಕ್ಕೇ ಬಳಸುತ್ತೇವೆ.

ಅರ್ಜಿ ಹಾಕುವ ಕುಟುಂಬಗಳು ಮೇಲಿನ ಮನೆಪಾಠದ ಹಾಳೆಯನ್ನು ತುಂಬಿ, ಪೋಷಕರು ಮತ್ತು ವಿದ್ಯಾರ್ಥಿ ಇಬ್ಬರೂ ಸಹಿ ಮಾಡಿ, ಅಂಕಪಟ್ಟಿಗಳ ನಕಲು ಮತ್ತು ಆದಾಯ ಪ್ರಮಾಣಪತ್ರದ ಜೊತೆ ಲಗತ್ತಿಸಬೇಕು. ಉತ್ತರಗಳು ಇಂಗ್ಲಿಷ್‌ನಲ್ಲೇ ಇರಬೇಕಿಲ್ಲ. ಕನ್ನಡದಲ್ಲಿ, ಉರ್ದುವಿನಲ್ಲಿ, ನಿಮ್ಮ ಕೈಬರಹದಲ್ಲಿ ಇದ್ದರೆ ಸಾಕು. ಹೋಗುವ ಮಕ್ಕಳಿಗೂ, ಕಳಿಸುವ ಮನೆಗಳಿಗೂ, ಕೈ ಹಿಡಿಯುವ ದಾನಿಗಳಿಗೂ ಅಲ್ಲಾಹನು ಒಳಿತು ಮಾಡಲಿ.